ಪಂಡರಿ ಕೊಯ್ತಾದಲ್ಲಿ ಎಷ್ಟು ಜನ

ಆ ದಿನ ಹುಮನಾಬಾದಿನ ಬಸ್ ಸ್ಟ್ಯಾಂಡ್ ಹಿಂದಿನ ಕೋಚಿಂಗ್ ಕ್ಲಾಸಿನಲ್ಲಿ ಅರವತ್ತು ಜನ ಒಟ್ಟಿಗೆ ನಕ್ಕರು. ನಗಲಿ ಬಿಡಿ, ನಕ್ಕರೆ ಯಾರ ಗಂಟೇನು ಹೋಗುತ್ತದೆ? ಆದರೆ ನಕ್ಕಿದ್ದು ಪೂನಂಳ ಉತ್ತರಕ್ಕೆ. ವಾರದ ಟೆಸ್ಟಿನಲ್ಲಿ ಗಣಿತಕ್ಕೆ ಅವಳನ್ನು ಮೀರಿಸುವವರೇ ಇರಲಿಲ್ಲ. ಅಂಥವಳು ಎದ್ದು ನಿಂತು, ಧೈರ್ಯವಾಗಿ, ಚಿಕ್ಕ ಮಕ್ಕಳೂ ಮಾಡದಂಥ ತಪ್ಪು ಮಾಡಿದ್ದಳು.

ಗುರುಲಿಂಗ ಸರ್ ಬೋರ್ಡಿನ ಮೇಲೆ ಬರೆದಿದ್ದ ಲೆಕ್ಕ ಇಷ್ಟೇ. ನಾಲ್ಕು ದಂಪತಿಗಳು ಒಂದು ಹೊಲದ ಕಬ್ಬನ್ನು ಹದಿನೈದು ದಿನದಲ್ಲಿ ಕಡಿಯುತ್ತಾರೆ. ಎಲ್ಲರ ಕೆಲಸದ ವೇಗವೂ ಒಂದೇ. ಅದೇ ಹೊಲವನ್ನು ಆರು ಜನ ಎಷ್ಟು ದಿನದಲ್ಲಿ ಕಡಿಯುತ್ತಾರೆ? ಕಾನ್‌ಸ್ಟೇಬಲ್ ಪರೀಕ್ಷೆಗೆ ಇನ್ನು ಹದಿನೈದು ದಿನ. ಕಾಲ ಮತ್ತು ಕೆಲಸದ ಪಾಠದಿಂದ ಎರಡು ಪ್ರಶ್ನೆಯಾದರೂ ಬಂದೇ ಬರುತ್ತವೆ ಎಂದು ಸರ್ ಅದನ್ನೇ ಹಿಡಿದು ಕೂತಿದ್ದರು.

"ಹತ್ತು ದಿನಾ ಸರ್," ಅಂದಳು ಪೂನಂ, ಉಳಿದವರು ಪೆನ್ನಿನ ಕ್ಯಾಪ್ ತೆಗೆಯುವುದರೊಳಗೆ.

"ಹ್ಯಾಂಗ?"

"ನಾಕು ಹದಿನೈದಲೆ ಅರವತ್ತು. ಅರವತ್ತಕ್ಕ ಆರರಿಂದ ಭಾಗಿಸಿದ್ರ ಹತ್ತು."

"ನಾಕು ದಂಪತಿ ಅಂದ್ರ ಎಷ್ಟು ಮಂದಿ?"

"ನಾಕು ಸರ್."

ಆಗಲೇ ಆ ನಗು ಎದ್ದಿದ್ದು. ಹಿಂದಿನ ಬೆಂಚಿನವನೊಬ್ಬ ಮೇಜು ಬಡಿದು ನಕ್ಕ. ಗುರುಲಿಂಗ ಸರ್ ನಗಲಿಲ್ಲ. ಚಾಕ್‌ಪೀಸು ಹಿಡಿದ ಕೈ ಹಾಗೇ ನಿಂತಿತು.

"ಎಂಟು ಮಂದಿ ಆಗ್ತಾರಲ್ಲವಾ. ಎಂಟು ಹದಿನೈದಲೆ ನೂರಾ ಇಪ್ಪತ್ತು. ಆರರಿಂದ ಭಾಗಿಸು, ಇಪ್ಪತ್ತು ದಿನ. ನೀ ನಾಕು ಎಲ್ಲಿಂದ ತಂದಿ?"

"ಗಂಡಾ ಹೇಣ್ತಿ ಕೂಡಿ ಒಂದ ಕೊಯ್ತಾ ಅಲ್ರಿ ಸರ್? ನಾಕು ಜೋಡಿ ಅಂದ್ರ ನಾಕು ಕೊಯ್ತಾ."

ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಕಬ್ಬು ಕಡಿಯಲು ಹೋಗುವ ಟೋಳಿಗಳಲ್ಲಿ ಗಂಡಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ಕೊಯ್ತಾ ಎಂದೇ ಎಣಿಸುತ್ತಾರೆ. ಗಂಡ ಕಡಿಯುತ್ತಾನೆ, ಹೆಂಡತಿ ರವದಿ, ಅಂದರೆ ಕಬ್ಬಿನ ಒಣಗರಿ, ಸುಲಿದು ಹೊರೆ ಕಟ್ಟುತ್ತಾಳೆ. ಹದಿನಾಲ್ಕು ಕೊಯ್ತಾ ಬಂದವು ಅಂದರೆ ಇಪ್ಪತ್ತೆಂಟು ಜನ ಬಂದರು ಅಂತ. ಪೂನಂ ಹುಟ್ಟಿದ್ದು ಅಂಥ ಟೋಳಿಯ ಗುಡಿಸಲಿನಲ್ಲಿ. ಅವಳಿಗೆ ಎಣಿಕೆ ಬಂದದ್ದೇ ಹಾಗೆ. ಜಗತ್ತಿನ ಲೆಕ್ಕ ಬೇರೆ ಇರಬಹುದು ಎಂದು ಅವಳಿಗೆ ಇಪ್ಪತ್ತೊಂದು ವರ್ಷ ಹೊಳೆದಿರಲೇ ಇಲ್ಲ.

"ಅದು ಸರಿ," ಅಂದರು ಸರ್ ಮೆತ್ತಗೆ. "ಆದ್ರ ಆ ಇಬ್ಬರಾಗ ನೀ ಯಾರನ್ನ ಬಿಟ್ಟಿ?"

ಪೂನಂ ಕೂತುಬಿಟ್ಟಳು. ಯಾರನ್ನು ಬಿಟ್ಟಿದ್ದಳು ಎನ್ನುವುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು, ಅದೇ ತೊಂದರೆ. ಅವಳು ಬಿಟ್ಟಿದ್ದು ತನ್ನ ಅವ್ವನನ್ನು. ಅವ್ವ ಭೀಮಬಾಯಿ, ಮುಂಜಾನೆ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದು ಕಬ್ಬಿನೊಳಗೆ ಇಳಿಯುವವಳು, ಆ ಅವ್ವ ಇವಳ ಲೆಕ್ಕದಲ್ಲಿ ಮನುಷ್ಯಳೇ ಆಗಿರಲಿಲ್ಲ! ಕ್ಲಾಸಿನವರು ನಕ್ಕಿದ್ದಕ್ಕೆ ನಾಚಿಕೆಯಾಗಲಿಲ್ಲ, ಆ ನಗು ಸಾಲದು ಅನಿಸಿತು.

ಸರ್ ಮುಂದಿನ ಲೆಕ್ಕಕ್ಕೆ ಹೋದರು. ಗಂಡ ಹೆಂಡತಿ ಕೂಡಿ ಒಂದು ಕೆಲಸವನ್ನು ಆರು ದಿನದಲ್ಲಿ ಮುಗಿಸುತ್ತಾರೆ, ಗಂಡ ಒಬ್ಬನೇ ಆದರೆ ಹದಿನೈದು ದಿನ, ಹೆಂಡತಿ ಒಬ್ಬಳೇ ಎಷ್ಟು ದಿನ? ಒಂದು ದಿನಕ್ಕೆ ಇಬ್ಬರೂ ಆರನೇ ಒಂದು ಪಾಲು ಮಾಡುತ್ತಾರೆ, ಗಂಡ ಹದಿನೈದನೇ ಒಂದು ಪಾಲು. ಅದರಲ್ಲಿ ಇದನ್ನು ಕಳೆದರೆ ಹತ್ತನೇ ಒಂದು ಪಾಲು. ಹತ್ತು ದಿನ. "ಕೂಡಿದ್ದರಾಗ ಒಬ್ಬರನ್ನ ಕಳೀರಿ, ಉಳಿದವರು ತಾವ ಹೊರಗ ಬರ್ತಾರ," ಅಂದರು ಸರ್. ಪೂನಂ ಆ ಮಾತನ್ನು ವಹಿಯ ಅಂಚಿನಲ್ಲಿ ಬರೆದುಕೊಂಡಳು.

ಸಂಜೆ ಹಾಸ್ಟೆಲಿಗೆ ಬಂದಾಗ ಅವ್ವನ ಫೋನು. ಬಸವಕಲ್ಯಾಣದ ಮನೆಯಲ್ಲಿ ಅಪ್ಪ ಪಂಡರಿ ಆಡಿಗೆ ಸೊಪ್ಪು ಕಡಿಯಲು ಬೇವಿನ ಮರ ಹತ್ತಿದ್ದನಂತೆ. ಟೊಂಗೆ ಕೈಜಾರಿ ಕೆಳಗೆ ಬಿದ್ದು ಎಡಗಾಲು ಮುರಿದಿದೆ. ಪ್ಲಾಸ್ಟರ್ ಹಾಕಿದ್ದಾರೆ, ಮೂರು ತಿಂಗಳು ಏಳುವಂತಿಲ್ಲ.

ಮರುದಿನ ಪೂನಂ ಬಸ್ ಹತ್ತಿ ಮನೆಗೆ ಹೋದಳು. ಹೋಗಿ ನೋಡಿದರೆ ಮುಕದಮ ವೈಜನಾಥ ಆಗಲೇ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ. ಮುಕದಮ ಅಂದರೆ ಟೋಳಿ ಕಟ್ಟುವವನು. ಹನ್ನೆರಡು ಸೀಸನ್ನಿನಿಂದ ಪಂಡರಿ ಇವನ ಟೋಳಿಯಲ್ಲೇ ಇದ್ದವನು. ಹಾಗಂತ ವೈಜನಾಥ ಕಣ್ಣೀರು ಹಾಕಲು ಬಂದಿರಲಿಲ್ಲ.

"ಎರಡು ಟ್ರ್ಯಾಕ್ಟರ್, ಹದಿನಾಕು ಕೊಯ್ತಾ," ಅಂದ. "ಮುಂದಿನ ವಾರ ಬಿಟ್ಟು ಅದರ ಮುಂದಿನ ಐತವಾರ ನಸುಕಿನ್ಯಾಗ ಗಾಡಿ ಬಿಡ್ತಾವ. ಪಂಡರಿ ಮಲಗ್ಯಾನ, ನಿಮ್ಮದು ಅರ್ಧ ಕೊಯ್ತಾ ಆತು. ಅರ್ಧ ಕೊಯ್ತಾ ನಾ ಒಯ್ಯೂದಿಲ್ಲ, ಯಾವ ಮುಕದಮನೂ ಒಯ್ಯೂದಿಲ್ಲ. ಪೂನಂ ಬಂದ್ರ ಜೋಡಿ ಆಗ್ತದ. ಇಲ್ಲಂದ್ರ ನಿರ್ಣಾದಾಗ ಒಂದು ಜೋಡಿ ತಯಾರೇ ಐತಿ."

"ಆ ಐತವಾರ ನನ್ನ ಪರೀಕ್ಷಾ ಐತ್ರಿ ಕಾಕಾ," ಅಂದಳು ಪೂನಂ. "ಇಲ್ಲೇ ಬಸವಕಲ್ಯಾಣದ ಕಾಲೇಜಿನ್ಯಾಗ."

"ಬರದು ಸೋಮವಾರ ಬರ್ತೀನಿ ಅಂತಿ. ಪಾಸಾದ್ರ ನಡುವ ಬಿಟ್ಟು ಹೋಗ್ತಿ. ನನಗ ಐದು ತಿಂಗಳ ನಿಂತು ಕಡಿಯೂ ಮನಿಷಾ ಬೇಕು ಬೇಟಾ. ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ನಡಿಯೂದಿಲ್ಲ."

ಕೆಟ್ಟವನಲ್ಲ ವೈಜನಾಥ. ಆದರೆ ಒಳ್ಳೆಯತನವನ್ನು ಅವನು ಹಬ್ಬಕ್ಕೆ ಮಾತ್ರ ಹೊರಗೆ ತೆಗೆಯುವ ಜಾತಿ. ಈ ಪರೀಕ್ಷೆ ತಪ್ಪಿದರೆ ಮುಂದಿನದು ಯಾವಾಗ ಕರೆಯುತ್ತಾರೋ ದೇವರಿಗೇ ಗೊತ್ತು. ಟೋಳಿ ತಪ್ಪಿದರೆ ಐದು ತಿಂಗಳು ಒಲೆ ಹೇಗೆ ಉರಿಯಬೇಕು? ಪೂನಂ ಅಪ್ಪನ ಮುಖ ನೋಡಿದಳು. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದ.

ಆಗ ಬಾಗಿಲ ಬಳಿ ನಿಂತಿದ್ದ ಭೀಮಬಾಯಿ ಸೆರಗು ಸರಿಮಾಡಿಕೊಂಡು ಕೇಳಿದಳು, "ನಾ ಒಬ್ಬಾಕೀನ ಒಂದು ಕೊಯ್ತಾದಷ್ಟು ಕಡದ್ರ?"

ವೈಜನಾಥನಿಗೆ ಚಹಾ ನೆತ್ತಿಗೇರಿತು. ಕೆಮ್ಮಿ, ಕಣ್ಣೊರೆಸಿಕೊಂಡು ನಕ್ಕ. "ಆಗಲಿ ವೈನಿ, ಅದನ್ನೂ ನೋಡೂಣು. ಹಳ್ಳಿಖೇಡದಾಗ ನಮ್ಮ ಬೀಜದ ಕಬ್ಬು ನಿಂತೈತಿ, ಅರ್ಧ ಎಕರೆ. ಹೋದ ವರ್ಷ ನೀವಿಬ್ಬರೂ ಅದನ್ನ ಹತ್ತು ದಿನದಾಗ ಕಡದ್ರಿ. ಈ ಸಲ ಅದನ್ನ ನೀವು ಒಬ್ಬರ ಹತ್ತು ದಿನದಾಗ ಮುಗಸ್ರಿ. ಮುಗಸಿದ್ರ ಪೂರಾ ಕೊಯ್ತಾ ಅಂತ ಎಣಸ್ತೀನಿ. ನಮ್ಮ ಕಾವಲಿನ ಸಂಘರತ್ನ ದಿನಕ್ಕ ನಾಕು ಸಲ ಗಾಡಿ ಮ್ಯಾಲ ಬಂದು ನೋಡ್ತಾನ, ಯಾರೂ ಕೈ ಹಚ್ಚಂಗಿಲ್ಲ."

"ಆಗಲ್ರಿ," ಅಂದುಬಿಟ್ಟಳು ಭೀಮಬಾಯಿ, ಪಕ್ಕದ ಮನೆಯವರು ಉಪ್ಪು ಕೇಳಿದ್ದಕ್ಕೆ ಒಪ್ಪಿದ ಹಾಗೆ.

ಮುಕದಮ ಹೋದ ಕೂಡಲೇ ಪೂನಂ ಅವ್ವನ ತೋಳು ಹಿಡಿದಳು. "ಯವ್ವಾ, ನಿನಗ ತಲೀ ಕೆಟ್ಟದೇನು? ಇಬ್ಬರು ಕೂಡಿ ಹತ್ತು ದಿನ ಅಂದ್ರ ಒಬ್ಬರಿಗೆ ಇಪ್ಪತ್ತು ದಿನ. ನಿನ್ನೆನೇ ಕ್ಲಾಸಿನ್ಯಾಗ ಮಾಡೀವಿ. ಇದು ಆಗೂ ಮಾತಲ್ಲ."

"ನಿನ್ನ ಲೆಕ್ಕ ನಿನ್ನ ಕಡೆ ಇರಲಿ," ಅಂದಳು ಅವ್ವ. "ನೀ ಹೋಗಿ ಓದು."

ಓದುವುದೇನು ಬಂತು! ಪೂನಂ ಹುಮನಾಬಾದಿಗೆ ವಾಪಸ್ ಬಂದು ಪುಸ್ತಕ ಬಿಚ್ಚಿದರೆ ಅಕ್ಷರದ ನಡುವೆ ಕಬ್ಬು ಕಾಣುತ್ತಿತ್ತು. ಹತ್ತು ದಿನ ಮುಗಿಯುವಾಗ ಅರ್ಧ ಹೊಲ ನಿಂತೇ ಇರುತ್ತದೆ. ಲೆಕ್ಕ ಸುಳ್ಳು ಹೇಳುವುದಿಲ್ಲ. ಆಮೇಲೆ ಮುಕದಮ ನಗುತ್ತಾನೆ, ತಾನು ಐತವಾರ ನಸುಕಿನಲ್ಲಿ ಟ್ರ್ಯಾಕ್ಟರ್ ಹತ್ತುತ್ತೇನೆ, ಹಾಲ್ ಟಿಕೆಟ್ ಟ್ರಂಕಿನಲ್ಲಿ ಉಳಿಯುತ್ತದೆ. ಎರಡನೇ ದಿನವೇ ಅವಳು ಅರ್ಧ ಪುಸ್ತಕಗಳನ್ನು ಚೀಲಕ್ಕೆ ಹಾಕಿಟ್ಟಳು.

ನಾಲ್ಕನೇ ದಿನ ತಡೆಯಲಾಗದೆ ಹಳ್ಳಿಖೇಡಕ್ಕೆ ಹೋದಳು. ಭೀಮಬಾಯಿ ತಲೆಗೆ ಟವೆಲ್ ಬಿಗಿದು, ಗಂಡನ ಹಳೇ ಅಂಗಿ ಮೇಲೆ ಹಾಕಿಕೊಂಡು ಕಡಿಯುತ್ತಿದ್ದಳು. ಬಗ್ಗಿ ಬುಡಕ್ಕೊಂದು ಏಟು, ಎತ್ತಿ ತುದಿಗೊಂದು ಏಟು, ಎರಡೂ ಕೈಯಿಂದ ರವದಿ ಸುಲಿದು ಪಕ್ಕಕ್ಕೆ. ಹತ್ತಾದ ಮೇಲೆ ಹೊರೆ. ನಡುವೆ ಎಲ್ಲೂ ಸೊಂಟ ನೆಟ್ಟಗೆ ಮಾಡಲಿಲ್ಲ. ಇಪ್ಪತ್ತರಲ್ಲಿ ನಾಲ್ಕು ಪಾಲು, ಅಂದರೆ ಹೊಲದ ಐದನೇ ಒಂದು ಪಾಲು ಬಯಲಾಗಿರಬೇಕಿತ್ತು. ಕಣ್ಣಿಗೆ ಅದಕ್ಕಿಂತ ಬಹಳ ಕಂಡಿತು. ಆಸೆಗಣ್ಣು, ಹಾಗೇ ಕಾಣುತ್ತದೆ ಎಂದುಕೊಂಡು ಪೂನಂ ಬಿದ್ದಿದ್ದ ಇನ್ನೊಂದು ಕತ್ತಿಗೆ ಕೈ ಹಾಕಿದಳು. ಅವ್ವ ತಿರುಗಿಯೂ ನೋಡದೆ ಗದರಿದಳು, "ಮುಟ್ಟಿದ್ರ ಕೈ ಮುರೀತೀನಿ. ಹೋಗು, ಬಸ್ ತಪ್ತದ."

ಹತ್ತನೇ ದಿನ ಶುಕ್ರವಾರ. ಮಧ್ಯಾಹ್ನ ಊಟದ ಹೊತ್ತಿಗೆ ಕ್ಲಾಸಿನ ಮುಂದೆ ಮೋಟರ್ ಸೈಕಲ್ ನಿಂತಿತು. ಇಳಿದವನು ಸಂಘರತ್ನ, ಮುಕದಮನ ಕಾವಲಿನವನು. ಮುಖದಲ್ಲಿ ರಕ್ತ ಇರಲಿಲ್ಲ. ಇನ್ನೇನು ಅವ್ವನ ಕಾಲಿಗೆ ಕತ್ತಿ ಬಿತ್ತು ಎನ್ನುತ್ತಾನೆ ಎಂದು ಪೂನಂ ಮೆಟ್ಟಿಲ ಮೇಲೇ ಕುಸಿದಳು.

"ನಿಮ್ಮವ್ವ ಮುಗಿಸ್ಯಾಳವಾ," ಅಂದ ಸಂಘರತ್ನ. "ಒಂದ ಒಂದು ಕಬ್ಬು ನಿಂತಿಲ್ಲ. ಹತ್ತು ದಿನದಾಗ ಯಾರೂ ಕೈ ಹಚ್ಚಿಲ್ಲ, ನಾನ ಸಾಕ್ಷಿ. ನಾ ಕಬ್ಬಿನ್ಯಾಗ ಹುಟ್ಟಿ ಕಬ್ಬಿನ್ಯಾಗ ಬೆಳದಾಂವ. ಇಂಥಾದು ನೋಡಿಲ್ಲ ಬಿಡು."

ಅಯ್ಯೋ, ಆ ಹುಡುಗಿಯ ಖುಷಿ! ಇದ್ದಬದ್ದ ಚಿಲ್ಲರೆ ಕೂಡಿಸಿ ಕಾಲು ಕಿಲೋ ಪೇಡಾ ತಂದಳು, ಯಾರು ನಕ್ಕಿದ್ದರೋ ಅವರ ಬಾಯಿಗೇ ಮೊದಲು ತುರುಕಿದಳು. ಗುರುಲಿಂಗ ಸರ್ ಪೇಡಾ ತಿಂದು, ಕೈ ಒರೆಸಿಕೊಂಡು, ಅವಳ ಕೈಗೆ ಚಾಕ್‌ಪೀಸು ಕೊಟ್ಟರು. ಅವರಿಗೆ ಎಲ್ಲವೂ ಪಾಠವೇ. "ಬಾ, ಇದನ್ನೂ ಮಾಡಿಬಿಡು. ಕೂಡಿ ಹತ್ತು ದಿನ. ಅವ್ವ ಒಬ್ಬಾಕೀನೂ ಹತ್ತು ದಿನ. ಹಾಂಗಾದ್ರ ನಿಮ್ಮಪ್ಪಂದೆಷ್ಟು?"

ಪೂನಂ ನಗುತ್ತಲೇ ಬರೆದಳು. ಇಬ್ಬರೂ ಕೂಡಿ ಒಂದು ದಿನಕ್ಕೆ ಹತ್ತನೇ ಒಂದು ಪಾಲು. ಅದರಲ್ಲಿ ಅವ್ವನದು ಕಳೆಯಬೇಕು, ಹತ್ತನೇ ಒಂದು ಪಾಲು. ಬರಾಬರಿ ಗೀಟು ಎಳೆದಳು. ಗೀಟಿನ ಮುಂದೆ ಚಾಕ್‌ಪೀಸು ನಿಂತಿತು.

ಸೊನ್ನೆ.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಪೂನಂ ಒರೆಸಿ ಮತ್ತೆ ಬರೆದಳು. ಮತ್ತೆ ಅದೇ. "ಲೆಕ್ಕ ತಪ್ಪೇತ್ರಿ ಸರ್. ನಮ್ಮಪ್ಪ ದಿನಾ ಹೊಲದಾಗ ಇದ್ದ. ಹೋದ ವರ್ಷ ನಾನ ಬುತ್ತಿ ಒಯ್ದು ಕೊಟ್ಟೀನಿ."

ಸರ್ ನಗು ನಿಲ್ಲಿಸಿದ್ದರು. ಕೇಳಬಾರದ್ದನ್ನು ಕೇಳಿದೆನೇನೋ ಎಂಬ ಹಾಗೆ ತಾವೇ ಬೋರ್ಡು ಒರೆಸಿದರು. "ನಿಮ್ಮವ್ವ ಈ ವರ್ಷ ಜಿದ್ದಿಗೆ ಬಿದ್ದು ಜಲ್ದಿ ಕಡದಿರಬೇಕು. ಹೋದ ವರ್ಷ ಸಾವಕಾಶ ಕಡದಿರಬೇಕು. ಹಾಂಗಿದ್ರ ಸೊನ್ನೆ ಬರೂದಿಲ್ಲ. ಹೋಗಿ ಅಕೀನ್ನ ಕೇಳು."

ಅದನ್ನೇ ಹಿಡಿದುಕೊಂಡು ಪೂನಂ ಹಳ್ಳಿಖೇಡದ ಬಸ್ ಹತ್ತಿದಳು. ಹೌದು, ಜಿದ್ದು. ಜಿದ್ದಿಗೆ ಬಿದ್ದರೆ ಅವ್ವ ಯಾರನ್ನೂ ಬಿಡುವವಳಲ್ಲ. ಬರಿದಾದ ಹೊಲದ ಬದುವಿನಲ್ಲಿ ಭೀಮಬಾಯಿ ಹೊರೆಯೊಂದಕ್ಕೆ ಒರಗಿ, ಕಾಲು ಚಾಚಿ, ಅಂಗೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಅಂಗೈ ತುಂಬ ಬೊಬ್ಬೆ. ಮಗಳನ್ನು ನೋಡಿ ಎಷ್ಟು ದಿನದ ಮೇಲೋ ಹಲ್ಲು ಕಾಣುವಂತೆ ನಕ್ಕಳು.

"ಯವ್ವಾ, ಈ ಸಲ ಭಾಳ ಜೋರು ಕಡದಿ ಹೌದಲ್ಲ? ಹೋದ ವರ್ಷಕ್ಕಿಂತ?"

"ಎಲ್ಲೀ ಜೋರು," ಅಂದಳು ಭೀಮಬಾಯಿ. ದಣಿವಿನಲ್ಲಿ ಮಾತಿಗೆ ಕಾವಲು ಇರಲಿಲ್ಲ. "ಹೋದ ವರ್ಷ ಒಂದು ದಿನ ಮೊದಲ ಆಗ್ತಿತ್ತು. ಮುಕದಮನ ಗಾಡಿ ಸಪ್ಪಳ ಆತಂದ್ರ ನಿಮ್ಮಪ್ಪನ್ನ ಎಬ್ಬಿಸಬೇಕು, ಕೈಯಾಗ ಕೊಯ್ತಾ ಕೊಟ್ಟು ನಿಂದ್ರಸಬೇಕು, ಮುಕದಮ ಹೋಗೂ ತನಕ ನಾ ಸುಮ್ಮನ ರವದಿ ಸುಲಕೋತ ಕೂಡಬೇಕು. ಅದರಾಗ ಎಷ್ಟು ಯಾಳೆ ಹೋತು."

ಹೇಳಿ ಮುಗಿದ ಮೇಲೆ ಅವಳಿಗೆ ತಾನು ಏನು ಹೇಳಿದೆ ಎಂದು ತಿಳಿಯಿತು. ಎಣ್ಣೆಯ ಕೈಯನ್ನೇ ಬಾಯಿಗೆ ಒತ್ತಿಕೊಂಡಳು.

ಪೂನಂ ಆ ಕೈ ಸರಿಸಿ ಕೇಳಿದಳು. ಆಮೇಲೆ ಒಂದೊಂದಾಗಿ ಹೊರಗೆ ಬಂತು. ಎರಡು ವರ್ಷದಿಂದ ಪಂಡರಿಯ ಬಲಗೈ ಬೆರಳುಗಳಲ್ಲಿ ಶಕ್ತಿ ಇಲ್ಲ. ಮೊದಲು ಜುಮ್ಮೆನ್ನುತ್ತಿದ್ದವು, ಆಮೇಲೆ ಚಿವುಟಿದರೂ ಗೊತ್ತಾಗದಂತಾದವು. ಕತ್ತಿ ಹಿಡಿದರೆ ನಿಲ್ಲುವುದಿಲ್ಲ, ಹಗ್ಗ ಬಿಗಿಯಲು ಬರುವುದಿಲ್ಲ. ತಿಳಿದರೆ ಮುಕದಮ ಟೋಳಿಯಿಂದ ತೆಗೆಯುತ್ತಾನೆ. ಹಾಗಾಗಿ ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಸಾಲು ಹಿಡಿದು, ಎಲ್ಲರಿಗಿಂತ ಕೊನೆಗೆ ಸಾಲು ಬಿಟ್ಟು, ಎರಡು ಸೀಸನ್ನು ಇಬ್ಬರ ಕಬ್ಬನ್ನು ಭೀಮಬಾಯಿ ಒಬ್ಬಳೇ ಕಡಿದಿದ್ದಳು. ಪಕ್ಕದ ಸಾಲಿನ ಹೆಂಗಸರಿಗೆ ಗೊತ್ತಿತ್ತು. ಒಬ್ಬಳೂ ಬಾಯಿ ಬಿಟ್ಟಿರಲಿಲ್ಲ. ಬೇವಿನ ಮರದಿಂದ ಅಪ್ಪ ಬಿದ್ದದ್ದೂ ಆ ಕೈಯಿಂದಲೇ.

"ನನಗ್ಯಾಕ ಹೇಳಲಿಲ್ಲ?" ಪೂನಂ ಕೂಗಿಯೇಬಿಟ್ಟಳು. "ನಾ ಅಲ್ಲಿ ಫ್ಯಾನಿನ ಬುಡಕ ಕೂತು ಓದಾಕತ್ತೀನಿ, ನೀ ಇಲ್ಲಿ ಇಬ್ಬರ ಕೆಲಸ ಮಾಡಾಕತ್ತಿ! ನಾ ಯಾರಿಗೆ ಏನು ಅನ್ಯಾಯ ಮಾಡಿದ್ನಿ, ಹಿಂಗ ಸುಳ್ಳು ಹೇಳಾಕ?"

"ಹೇಳಿದ್ರ ನೀ ಪುಸ್ತಕ ಮುಚ್ಚತಿದ್ದಿ."

"ಮುಚ್ಚತಿದ್ನಿ! ಈಗೂ ಮುಚ್ಚತೀನಿ."

"ಹಾಂಗಾದ್ರ ಎರಡು ವರ್ಷ ನಾ ಕಡದದ್ದು ಮಣ್ಣಿಗೆ ಹೋತು," ಅಂದಳು ಭೀಮಬಾಯಿ. ಅಳಲಿಲ್ಲ, ಬೈಯಲಿಲ್ಲ. "ಒಂದು ಮಾತು ಕೊಡು. ಇದು ನಮ್ಮ ಮೂರು ಮಂದಿ ನಡುವ ಇರಬೇಕು. ನಿಮ್ಮಪ್ಪ ಮಾನದ ಮನಿಷಾ. ಇದು ನಾಕು ಮಂದಿ ಬಾಯಿಗೆ ಬಿತ್ತಂದ್ರ ಅಂವ ಉಳಿಯಾಂವಲ್ಲ."

ಪೂನಂ ಮಾತು ಕೊಟ್ಟಳು. ಕೊಡದೆ ಏನು ಮಾಡಿಯಾಳು?

ಶನಿವಾರ ಮಧ್ಯಾಹ್ನ ಬಸವಕಲ್ಯಾಣದಲ್ಲಿ ವೈಜನಾಥನ ಮನೆಯ ಅಂಗಳ ತುಂಬಿತ್ತು. ಮರುದಿನ ನಸುಕಿನಲ್ಲಿ ಹೊರಡುವ ಟೋಳಿಯನ್ನು ಅಂದು ಪಕ್ಕಾ ಮಾಡುವುದಿತ್ತು. ಗಂಡಸಿನ ಮಾತಿಲ್ಲದೆ ಕೊಯ್ತಾ ಪಕ್ಕಾ ಆಗುವುದಿಲ್ಲ ಎಂದು ವೈಜನಾಥ ಹೇಳಿ ಕಳಿಸಿದ್ದರಿಂದ, ಪಂಡರಿಯನ್ನೂ ಆಟೋದಲ್ಲಿ ತಂದು, ಪ್ಲಾಸ್ಟರಿನ ಕಾಲು ಚಾಚಿಸಿ ಕಟ್ಟೆಯ ಮೇಲೆ ಕೂರಿಸಿದ್ದರು. ಹೆಂಗಸರೆಲ್ಲ ಗೋಡೆಯ ನೆರಳಿನಲ್ಲಿದ್ದರು.

ಸಂಘರತ್ನ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅಂಗಳದಲ್ಲಿ ಗುಸುಗುಸು ಎದ್ದಿತು. ವೈಜನಾಥ ತಲೆ ಕೆರೆದುಕೊಂಡ. ಚೇಷ್ಟೆಗೆ ಕೊಟ್ಟ ಮಾತು ಕುತ್ತಿಗೆಗೆ ಬಂದಿತ್ತು.

"ಶಾಬಾಸ್ ವೈನಿ, ಇಲ್ಲಂತ ಅನ್ನಾಕಿಲ್ಲ. ಆದ್ರ ಜರಾ ವಿಚಾರ ಮಾಡ್ರಿ. ಹತ್ತು ದಿನ ಜಿದ್ದಿಗೆ ಯಾರರೆ ಕಡೀಬಹುದು. ಸೀಸನ್ ಐದು ತಿಂಗಳದು. ಒಬ್ಬ ಹೆಣಮಗಳು ಐದು ತಿಂಗಳು ಒಂದು ಕೊಯ್ತಾದಷ್ಟು ಕಡದದ್ದು ಯಾರರೆ ನೋಡೀರೇನು? ಮುಂದ ನಡುವ ಕೈ ಬಿಟ್ರ ನನ್ನ ಗಾಡಿ ಖಾಲಿ ನಿಂದ್ರತಾವ. ಪೂನಂ ಬರಲಿ. ಇಲ್ಲಂದ್ರ ನಿರ್ಣಾದವರಿಗೆ ಫೋನ್ ಹಚ್ತೀನಿ."

ನೋಡಿದ್ದೀರಾ ಎಂದು ಕೇಳುತ್ತಾನೆ! ಎರಡು ಸೀಸನ್ನು ಅವನೇ ಕಣ್ಣಾರೆ ನೋಡಿದ್ದಾನೆ, ನೋಡಿ ಪಂಡರಿಯ ಬೆನ್ನು ತಟ್ಟಿದ್ದಾನೆ. ಪೂನಂಳ ನಾಲಗೆಯ ತುದಿಗೆ ಬಂದಿತ್ತು. ಒಂದೇ ಒಂದು ಮಾತು. ಹೇಳಿದರೆ ಮುಕದಮನ ಬಾಯಿ ಮುಚ್ಚುತ್ತದೆ, ನಾಳೆ ಹನ್ನೊಂದು ಗಂಟೆಗೆ ಪರೀಕ್ಷೆಯಲ್ಲಿ ಕೂರಬಹುದು. ಹೇಳಿದರೆ ಇಷ್ಟು ಜನ ಗಂಡಸರ ಎದುರು ಅಪ್ಪ ಸೊನ್ನೆ ಆಗುತ್ತಾನೆ. ಅವ್ವ ದೂರದಿಂದಲೇ ಅವಳನ್ನು ನೆಟ್ಟ ಕಣ್ಣಿನಿಂದ ನೋಡುತ್ತಿದ್ದಳು. ಪೂನಂ ಒಮ್ಮೆ ಅಪ್ಪನ ಪ್ಲಾಸ್ಟರ್ ನೋಡಿದಳು, ತೊಡೆಯ ಮೇಲೆ ಮಗುಚಿಟ್ಟ ಆ ಬಲಗೈ ನೋಡಿದಳು.

"ಫೋನ್ ಹಚ್ಚಬ್ಯಾಡ್ರಿ ಕಾಕಾ," ಅಂದಳು. "ನಾ ಬರ್ತೀನಿ."

ಭೀಮಬಾಯಿ "ಪೂನಂ!" ಎಂದು ಚೀರಿದಳು. ವೈಜನಾಥ ಸಮಾಧಾನದ ಉಸಿರು ಬಿಟ್ಟು, ಪೆನ್ನು ತೆಗೆದ.

"ತಡೀರಿ," ಅಂದಿತು ಕಟ್ಟೆಯ ಮೇಲಿನಿಂದ ಒಂದು ದನಿ.

ಪಂಡರಿ. ಬಂದಾಗಿನಿಂದ ತುಟಿ ಬಿಚ್ಚದವನು. "ಯಾರರೆ ಒಂದು ಕೊಯ್ತಾ ಕೊಡ್ರಿ," ಅಂದ.

ಒಬ್ಬ ತನ್ನ ಕತ್ತಿ ಕೊಟ್ಟ. ಪಂಡರಿ ಅದನ್ನು ಎಡಗೈಯಲ್ಲಿ ತೆಗೆದುಕೊಂಡು, ಬಲಗೈಯಲ್ಲಿ ಇಟ್ಟು, ಬೆರಳುಗಳನ್ನು ಎಡಗೈಯಿಂದಲೇ ಒಂದೊಂದಾಗಿ ಮಡಚಿದ. ಕೈಯನ್ನು ಮೇಲೆತ್ತಿದ. ಕತ್ತಿ ಜಾರಿ ಕಲ್ಲಿನ ಮೇಲೆ ಠಣ್ಣೆಂದು ಬಿತ್ತು.

"ಮುಕದಮರ, ಈ ಕೈ ಎರಡು ವರ್ಷ ಆತು ಹಿಂಗ ಆಗಿ. ಹೋದ ಸೀಸನ್ ನಾ ಒಂದು ಕಬ್ಬು ಕಡದಿಲ್ಲ. ಅದರ ಹಿಂದಿನ ಸೀಸನ್ನಿಗೂ ಕಡದಿಲ್ಲ. ನಿಮ್ಮ ಗಾಡಿ ಸಪ್ಪಳ ಕೇಳಿದ್ರ ಎದ್ದು ನಿಂತು ನಾಟಕ ಮಾಡ್ತಿದ್ನಿ. ನೀವು ಹೋದ ಮ್ಯಾಲ ನೆಳ್ಳಿಗೆ ಕೂಡತಿದ್ನಿ." ಎಡಗೈ ಎತ್ತಿ ಹೆಂಡತಿಯ ಕಡೆ ತೋರಿಸಿದ. "ಪಂಡರಿ ಕೊಯ್ತಾ ಅವ್ವಲ್ ಕೊಯ್ತಾ ಅಂತ ನೀವು ನನ್ನ ತಲಿಗೆ ರುಮಾಲು ಸುತ್ತಿದ್ರಿ. ಆ ಕೊಯ್ತಾದಾಗ ಇದ್ದಾಕಿ ಅಕಿ ಒಬ್ಬಾಕೀನ. ಐದು ತಿಂಗಳಲ್ಲ, ಹತ್ತು ತಿಂಗಳು ನೀವ ನೋಡೀರಿ. ಮಗಳು ಪರೀಕ್ಷಾಕ್ಕ ಹೋಗ್ಲಿ. ನನ್ನ ಹೆಸರು ಹೊಡದು ಹಾಕ್ರಿ, ಅಕೀದು ಬರೀರಿ."

ಭೀಮಬಾಯಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಪೂನಂ ಅಪ್ಪನ ಬಳಿ ಓಡಿಹೋಗಿ ಆ ಕೈ ಹಿಡಿದಳು. ಇವಳು ಬಿಗಿಯಾಗಿ ಹಿಡಿದದ್ದು ಅವನಿಗೆ ತಿಳಿಯಿತೋ ಇಲ್ಲವೋ. ಅವನು ಮಗಳ ಮುಖವನ್ನು ನೋಡಲಾರದೆ ಪ್ಲಾಸ್ಟರನ್ನೇ ನೋಡುತ್ತಿದ್ದ.

ವೈಜನಾಥ ಬೆಪ್ಪಾಗಿ ನಿಂತಿದ್ದ. ಇಪ್ಪತ್ತು ವರ್ಷದಿಂದ ಟೋಳಿ ಕಟ್ಟಿದವನು, ಯಾರು ಎಷ್ಟು ಕಡಿಯುತ್ತಾರೆ ಎಂದು ಹೆಜ್ಜೆಯ ಸಪ್ಪಳದಿಂದ ಹೇಳುತ್ತೇನೆ ಎಂದು ಕೊಚ್ಚಿಕೊಳ್ಳುವವನು. ಅವನು ಹೆಂಗಸರ ಕಡೆ ನೋಡಿದ. ಹೆಂಗಸರಾರೂ ಇಲ್ಲ ಅನ್ನಲಿಲ್ಲ. ಸಂಘರತ್ನನ ಕಡೆ ನೋಡಿದ. ಸಂಘರತ್ನ ತಲೆ ಬಗ್ಗಿಸಿದ. ವೈಜನಾಥ ಕುರ್ಚಿಯಲ್ಲಿ ಕೂತು ವಹಿಯನ್ನು ತೊಡೆಯ ಮೇಲೆ ಬಿಚ್ಚಿದ, ಪಂಡರಿ ಎಂದು ಬರೆದಿದ್ದರ ಮೇಲೆ ಗೀಟು ಹೊಡೆದ.

"ಆತು," ಅಂದ. "ಇದೂ ಒಂದು ಪೂರಾ ಕೊಯ್ತಾ. ಪೂನಂ, ನೀ ಹೋಗಿ ಬರಿ."

ಪೂನಂಳ ಎದೆಯ ಭಾರ ಆಗಷ್ಟೇ ಇಳಿಯತೊಡಗಿತ್ತು. ವೈಜನಾಥ ಪೆನ್ನನ್ನು ಕಾಗದದ ಮೇಲಿಟ್ಟು ಹಾಗೇ ಕೂತ. ಬರೆಯಲಿಲ್ಲ. ತಲೆ ಎತ್ತಿ ಭೀಮಬಾಯಿಯ ಕಡೆ ನೋಡಿದ, ಮತ್ತೆ ವಹಿ ನೋಡಿದ, ಕತ್ತಿನ ಹಿಂದೆ ಕೈ ಹಾಕಿ ಬೆವರು ಒರೆಸಿಕೊಂಡ.

"ವೈನಿ," ಅಂದ, ಇಷ್ಟು ಹೊತ್ತು ಇಲ್ಲದ ಸಣ್ಣ ದನಿಯಲ್ಲಿ. "ನಿಮ್ಮ ಹೆಸರೇನ್ರಿ?"

ಚೇಷ್ಟೆ ಮಾಡುತ್ತಿ​ದ್ದಾನೆ ಎಂದುಕೊಂಡಳು ಪೂನಂ. ಅವನ ಮುಖ ನೋಡಿದ ಮೇಲೆ ತಿಳಿಯಿತು, ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಹನ್ನೆರಡು ಸೀಸನ್ನು! ಇವನ ಕಣ್ಣೆದುರು ಸಾವಿರ ಸಾವಿರ ಹೊರೆ ಕಟ್ಟಿದವಳು, ಇವನಿಗೆ ಎಷ್ಟೋ ಸಲ ಚಹಾ ಮಾಡಿಕೊಟ್ಟವಳು. ಪೂನಂ ಸುತ್ತಲಿನ ಗಂಡಸರನ್ನು ನೋಡಿದಳು. ಒಬ್ಬನಾದರೂ ಹೇಳಿಯಾನು ಎಂದು. ಒಬ್ಬನ ಬಾಯಿಯಿಂದಲೂ ಹೆಸರು ಬರಲಿಲ್ಲ. ತಾನೇ ಕೂಗಿ ಹೇಳಬೇಕೆಂದು ಬಾಯಿ ತೆರೆದಳು, ಅಪ್ಪ ಎಡಗೈಯಿಂದ ಅವಳ ತೋಳು ಹಿಡಿದು ತಡೆದ.

ಭೀಮಬಾಯಿ ಗೋಡೆಯ ನೆರಳಿನಿಂದ ಎದ್ದು ಬಂದಳು. ಅಂಗಳದ ನಡುವೆ, ಬಿಸಿಲಿನಲ್ಲಿ ನಿಂತಳು. ಪೂನಂನ ಅವ್ವ, ಪಂಡರಿ ಹೇಣ್ತಿ, ವೈನಿ, ಏ ಇಕಿ. ಅವಳ ಹೆಸರನ್ನು ಯಾರಾದರೂ ಕೇಳಿ ಬಹಳ ವರ್ಷವಾಗಿತ್ತು.

"ಭೀಮಬಾಯಿ," ಅಂದಳು.

"ಕೇಳಲಿಲ್ರಿ," ಅಂದ ವೈಜನಾಥ.

ಅವಳು ಮುಖದ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದಳು. "ಭೀಮಬಾಯಿ ಅಂತ ಬರೀರಿ," ಅಂದಳು ಅಂಗಳಕ್ಕೆಲ್ಲ ಕೇಳುವ ಹಾಗೆ. ವೈಜನಾಥ ಬರೆದುಕೊಂಡ.